ಚೀಟಿ ಬರೆಯುವ ಸುಖ

ಪರೀಕ್ಷೆಯ ದಿನ ಮಕ್ಕಳ ಜೇಬು ತಡಕಿ ಚೀಟಿ ಹಿಡಿಯುವ ಮೇಷ್ಟ್ರ ಜೇಬಿನಲ್ಲೇ ಸದಾ ನಾಲ್ಕಾರು ಚೀಟಿ ಇರುತ್ತವೆ ಎಂದರೆ ನಗು ಬರಬಹುದು. ಆ ಮೇಷ್ಟ್ರು ನಾನೇ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವುದು ನನ್ನ ಕಸುಬು. ಹೇಳುವಾಗ ಕಂಡದ್ದನ್ನು ಬರೆದಿಡುವುದು ಚಟ. ಸಂಜೆಯಾದರೆ ಕೆಲವರಿಗೆ ಇಸ್ಪೀಟು ಬೇಕು, ಕೆಲವರಿಗೆ ವಾಕಿಂಗು. ನನಗೆ ಐದಿಂಚು ಉದ್ದ, ಮೂರಿಂಚು ಅಗಲದ ಒಂದು ರಟ್ಟಿನ ಮೇಲೆ ಏಳೆಂಟು ಸಾಲು ಗೀಚದೆ ಶಾಲೆ ಬಿಟ್ಟ ಹಾಗೇ ಅನ್ನಿಸುವುದಿಲ್ಲ.

ಬರೆಯುವ ಕೆಲಸವೇನೂ ಮೇಷ್ಟ್ರಿಗೆ ಹೊಸದಲ್ಲ. ಪಾಠ ಟಿಪ್ಪಣಿ ಬರೆಯದೆ ತರಗತಿಗೆ ಕಾಲಿಡುವಂತಿಲ್ಲ. ಆದರೆ ಅದನ್ನು ಬರೆಯುವುದು ಪಾಠಕ್ಕೆ ಮುಂಚೆ, ಹೆಡ್‌ಮಾಸ್ಟರ ಸಹಿಗೆ. ಅದರೊಳಗೆ ಎಲ್ಲ ಮಕ್ಕಳಿಗೂ ಎಲ್ಲವೂ ಒಂದೇ ಪೀರಿಯಡ್ಡಿನಲ್ಲಿ ಅರ್ಥವಾಗಿಬಿಡುತ್ತದೆ. ಚೀಟಿಯ ಹೊತ್ತು ಪಾಠ ಮುಗಿದ ಮೇಲೆ. ಯಾವ ಮಾತಿಗೆ ಹಿಂದಿನ ಬೆಂಚು ಆಕಳಿಸಿತು, ಯಾವ ಪ್ರಶ್ನೆಗೆ ಮುಂದಿನ ಬೆಂಚೂ ತಬ್ಬಿಬ್ಬಾಯಿತು ಎಂಬುದೆಲ್ಲ ಅಲ್ಲಿಗೆ ಬರುತ್ತದೆ. ಸಹಿ ಹಾಕುವವರು ಯಾರೂ ಇಲ್ಲವಾದ್ದರಿಂದ ಸುಳ್ಳು ಬರೆಯುವ ಅಗತ್ಯವೂ ಇಲ್ಲ.

ಒಂದು ಚೀಟಿ ತೋರಿಸುತ್ತೇನೆ. ತಲೆಬರಹ, ‘ಈರುಳ್ಳಿ ಪೊರೆ, ಸೂಕ್ಷ್ಮದರ್ಶಕ’. ಅದರ ಕೆಳಗೆ: ‘ಕವರ್ ಸ್ಲಿಪ್ ಧೊಪ್ಪನೆ ಬಿಡಬಾರದು. ಒಂದು ಅಂಚನ್ನು ನೀರಿನ ಹನಿಗೆ ತಾಗಿಸಿ, ಇನ್ನೊಂದನ್ನು ಸೂಜಿಗೆ ಒರಗಿಸಿ ಮೆಲ್ಲಗೆ ಇಳಿಸಬೇಕು. ಇಲ್ಲದಿದ್ದರೆ ಗಾಳಿಗುಳ್ಳೆ ಸಿಕ್ಕಿಕೊಳ್ಳುತ್ತದೆ. ದುಂಡಗೆ, ದಪ್ಪ ಕಪ್ಪಂಚು ಇರುವುದು ಗುಳ್ಳೆ. ಇಟ್ಟಿಗೆ ಜೋಡಿಸಿದ ಹಾಗೆ ಉದ್ದುದ್ದ ಇರುವುದು ಜೀವಕೋಶ. ಮಕ್ಕಳು ಗುಳ್ಳೆಯ ಚಿತ್ರವನ್ನೇ ಚೆಂದಾಗಿ ಬರೆಯುತ್ತಾರೆ. ಎದ್ದು ಕಾಣುವುದು ಅದೇ. ಆದ್ದರಿಂದ ಮೊದಲು ಗುಳ್ಳೆ ತೋರಿಸಿ, ಆಮೇಲೆ ಕೋಶ.’

ಸೂಜಿಗೆ ಒರಗಿಸುವ ವಿಧಾನ ಯಾವ ಪ್ರಯೋಗ ಪುಸ್ತಕದಲ್ಲೂ ಸಿಗುತ್ತದೆ. ಕೊನೆಯ ಮೂರು ವಾಕ್ಯ ಸಿಗಬೇಕಾದರೆ ಮಕ್ಕಳ ರೆಕಾರ್ಡ್ ಪುಸ್ತಕಗಳ ರಾಶಿ ತಿದ್ದಿರಬೇಕು. ಅಂಥ ಮೂರು ವಾಕ್ಯ ಪೆನ್ನಿನ ತುದಿಗೆ ಬಂದು ನಿಲ್ಲುವ ಗಳಿಗೆ ಇದೆಯಲ್ಲ, ಈ ಚಟದ ರುಚಿಯೆಲ್ಲ ಅಲ್ಲೇ.

ಒಂದು ಚೀಟಿಗೆ ಒಂದೇ ವಿಷಯ ಎನ್ನುವುದು ನನ್ನ ಕಟ್ಟಳೆ. ಜಾಗ ಸಾಲಲಿಲ್ಲವೆಂದರೆ ವಿಷಯ ಎರಡಿವೆ ಎಂದೇ ಅರ್ಥ. ಬರೆದದ್ದನ್ನು ಎಲ್ಲಿಡುವುದು ಎಂಬುದು ಮುಂದಿನ ತಲೆನೋವು. ಈರುಳ್ಳಿ ಚೀಟಿ ‘ಜೀವಕೋಶ’ದ ಕಟ್ಟಿಗೆ ಸೇರಬೇಕೋ, ‘ಉಪಕರಣ’ಕ್ಕೋ? ಈ ತಲೆನೋವು ದೊಡ್ಡವರನ್ನೂ ಬಿಟ್ಟಿಲ್ಲ. ಎಸ್. ಆರ್. ರಂಗನಾಥನ್ ಮದ್ರಾಸಿನಲ್ಲಿ ಗಣಿತ ಹೇಳುತ್ತಿದ್ದ ಮೇಷ್ಟ್ರು. 1924ರಲ್ಲಿ ಅಲ್ಲಿನ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ಕಲಿಯಲೆಂದು ಲಂಡನ್ನಿಗೆ ಹೋದಾಗ ಅಂಗಡಿಯೊಂದರಲ್ಲಿ ಮೆಕ್ಯಾನೊ ಆಟಿಕೆ ಅವರ ಕಣ್ಣಿಗೆ ಬಿತ್ತಂತೆ. ಅವೇ ಪಟ್ಟಿ, ಅವೇ ನಟ್ಟು ಬೋಲ್ಟು. ಜೋಡಿಸುವ ರೀತಿ ಬದಲಾದರೆ ಆಟಿಕೆಯೇ ಬೇರೆ. ವಿಷಯಗಳನ್ನೂ ಹೀಗೇ ಬಿಡಿಭಾಗಗಳಿಂದ ಕಟ್ಟಬಹುದಲ್ಲ ಎಂದು ಹೊಳೆದದ್ದು 1933ರಲ್ಲಿ ಕೋಲನ್ ವರ್ಗೀಕರಣವಾಗಿ ಹೊರಬಂತು. ಮುಂದೆ ಅವರು ಬೆಂಗಳೂರಿಗೆ ಬಂದು ನೆಲೆಸಿ, 1962ರಲ್ಲಿ ಈ ವಿದ್ಯೆಗೆಂದೇ ಡಿಆರ್‌ಟಿಸಿ ಎಂಬ ಕೇಂದ್ರ ಕಟ್ಟಿದರು.

ಜರ್ಮನಿಯ ಸಮಾಜಶಾಸ್ತ್ರಜ್ಞ ನಿಕ್ಲಾಸ್ ಲೂಮನ್ ವಿಷಯವಾರು ಕಟ್ಟಿನ ಗೊಡವೆಗೇ ಹೋಗಲಿಲ್ಲ. ಚೀಟಿಗೊಂದು ಸಂಖ್ಯೆ, ಅದರಿಂದ ಕವಲೊಡೆದ ಚೀಟಿಗೆ ಅದೇ ಸಂಖ್ಯೆಯ ಬಾಲ, ನೆಂಟಸ್ತನವಿರುವ ಬೇರೆ ಚೀಟಿಗಳ ಸಂಖ್ಯೆ ಅಲ್ಲಲ್ಲೇ ನಮೂದು. ಹೀಗೆ ಅವರು ಹತ್ತಿರ ಹತ್ತಿರ 90 ಸಾವಿರ ಚೀಟಿ ಬರೆದರು. ರಂಗನಾಥನ್ನರ ಮೇಲೆ ಅಭಿಮಾನವಿದ್ದರೂ ಸೋಮಾರಿಯಾದ ನಾನು ಲೂಮನ್ ಪಕ್ಷ. ಈರುಳ್ಳಿ ಚೀಟಿಯ ಮೂಲೆಯಲ್ಲಿ ಆಯಸ್ಕಾಂತದ ಚೀಟಿಯ ಸಂಖ್ಯೆ ಇದೆ. ಕಬ್ಬಿಣದ ಪುಡಿ ಉದುರಿಸಿದಾಗಲೂ ಮಕ್ಕಳು ತುದಿಯಲ್ಲಿ ಗುಪ್ಪೆಗಟ್ಟಿದ ಪುಡಿಯನ್ನಷ್ಟೇ ಬರೆದು, ನಡುವಿನ ಬಾಗಿದ ಗೆರೆಗಳನ್ನು ಬಿಟ್ಟುಬಿಡುತ್ತಾರೆ. ಜೀವಶಾಸ್ತ್ರದ ಗುಳ್ಳೆಗೂ ಭೌತಶಾಸ್ತ್ರದ ಪುಡಿಗೂ ಇರುವ ಸಂಬಂಧ ನನಗೆ ಗೊತ್ತಾದದ್ದು ಈ ಎರಡು ರಟ್ಟು ಮೇಜಿನ ಮೇಲೆ ಅಕ್ಕಪಕ್ಕ ಬಿದ್ದ ದಿನ.

ಕಂಪನಿ ನೌಕರಿಯಲ್ಲಿರುವ ನನ್ನ ತಮ್ಮ ಇದನ್ನು ನೋಡಿ, “ಇದಕ್ಕೆ ನಾಲೆಜ್ ಮ್ಯಾನೇಜ್‌ಮೆಂಟ್ ಅಂತಾರೆ ಅಣ್ಣ. ನಮ್ಮಲ್ಲಿ ಇದಕ್ಕೇ ಒಂದು ಡಿಪಾರ್ಟ್‌ಮೆಂಟಿದೆ. ಬರೆಯೋರು ಮಾತ್ರ ಯಾರೂ ಇಲ್ಲ” ಎಂದ. ಬರೆಯುವವರು ಯಾಕೆ ಬರೆಯುತ್ತಾರೆ ಎಂಬುದಕ್ಕೆ ಜೆರಾಕ್ಸ್ ಕಂಪನಿಯ ಕತೆಯೊಂದಿದೆ. 1980ರ ದಶಕದಲ್ಲಿ ಜೂಲಿಯನ್ ಆರ್ ಎಂಬ ಮಾನವಶಾಸ್ತ್ರಜ್ಞ ಆ ಕಂಪನಿಯ ರಿಪೇರಿಯವರ ಜೊತೆ ತಿರುಗಾಡಿದರು. ಮ್ಯಾನ್ಯುಯಲ್ಲಿನಲ್ಲಿಲ್ಲದ ಕಾಯಿಲೆಗೆ ಮದ್ದು ಸಿಗುತ್ತಿದ್ದದ್ದು ಊಟ ಕಾಫಿಯ ಹೊತ್ತಿನ ಹರಟೆಯಲ್ಲಿ: ‘ನಂಗೆ ಸಿಕ್ಕಿದ ಮೆಷಿನ್ನು ಹೀಗೆ ಸತಾಯಿಸ್ತು, ನಾನು ಹೀಗೆ ಮಾಡ್ದೆ’ ಎನ್ನುವ ಧಾಟಿ. 1990ರ ದಶಕದಲ್ಲಿ ಇಂಥ ಉಪಾಯಗಳನ್ನು ಒಂದೆಡೆ ಸೇರಿಸುವ ‘ಯುರೇಕಾ’ ಎಂಬ ವ್ಯವಸ್ಥೆ ಬಂತು. ಕಳಿಸಿದ್ದನ್ನು ಒರೆಗೆ ಹಚ್ಚುವವರೂ ರಿಪೇರಿಯವರೇ. ಉಪಾಯಕ್ಕೆ ದುಡ್ಡು ಕೊಡುವ ಮಾತು ಬಂದಾಗ ಅವರೇ ಬೇಡವೆಂದರು. ದುಡ್ಡು ಬಂದರೆ ಎಣಿಕೆ ಹೆಚ್ಚಿ ತೂಕ ಕಡಿಮೆಯಾಗುತ್ತದೆ, ಉಪಾಯದ ಜೊತೆ ನಮ್ಮ ಹೆಸರಿದ್ದರೆ ಸಾಕು ಎಂದು. ಇದನ್ನು ಓದಿದ ಮೇಲೆ ನಾನೂ ಪ್ರತಿ ಚೀಟಿಯ ಕೆಳಗೆ, ಯಾರು ಹೇಳಿದ್ದು ಎಂದು ಬರೆಯತೊಡಗಿದೆ. ಲ್ಯಾಬಿನ ಅಟೆಂಡರ್ ಹೇಳಿದ್ದಾದರೆ ಅಟೆಂಡರ ಹೆಸರು, ಎಂಟನೇ ಕ್ಲಾಸಿನ ಹುಡುಗಿಯದಾದರೆ ಅವಳದು.

ಚೀಟಿಗೆ ಇಳಿಯದ ವಿದ್ಯೆಯೂ ಉಂಟು. ಜಪಾನಿನ ಮತ್ಸುಶಿತಾ ಕಂಪನಿ ಮನೆಯಲ್ಲೇ ಬ್ರೆಡ್ ಮಾಡುವ ಯಂತ್ರ ತಯಾರಿಸಲು ಹೊರಟಾಗ ಹಿಟ್ಟು ಹದಕ್ಕೇ ಬರಲಿಲ್ಲ. ತನಾಕಾ ಇಕುಕೊ ಎಂಬಾಕೆ ಒಸಾಕಾದ ಹೋಟೆಲೊಂದರ ಮುಖ್ಯ ಬೇಕರಿಯವನ ಕೈಕೆಳಗೆ ಕಲಿಯಲು ನಿಂತಳು. ಅವನು ಹಿಟ್ಟನ್ನು ಎಳೆಯುವುದಷ್ಟೇ ಅಲ್ಲ, ಎಳೆಯುತ್ತಾ ತಿರುಚುತ್ತಾನೆ ಎಂಬುದು ಆಕೆಗೆ ಕಂಡಿತು. ಅವನ ಕೈಗೆ ಅದು ಎಂದಿನಿಂದಲೂ ಗೊತ್ತು, ಬಾಯಿಗೆ ಬಂದಿರಲಿಲ್ಲ. ‘ತಿರುಚಿ ಎಳೆಯುವುದು’ ಎಂಬ ಎರಡು ಪದ ಹಿಡಿದುಕೊಂಡು ಎಂಜಿನಿಯರುಗಳು ಯಂತ್ರದ ಒಳಮೈಗೆ ಏಣುಗಳನ್ನು ಕೂರಿಸಿದರು. 1987ರಲ್ಲಿ ಯಂತ್ರ ಅಂಗಡಿಗೆ ಬಂತು. ಎರಡು ಪದಕ್ಕಾಗಿ ಹಿಟ್ಟಿನ ಮುಂದೆ ಹಾಗೆ ನಿಂತ ಆಕೆ ನನ್ನ ಲೆಕ್ಕದಲ್ಲಿ ಚೀಟಿ ಬರೆಯುವವರ ಕುಲದೇವತೆ.

ನನ್ನ ಡಬ್ಬಿ ಲ್ಯಾಬಿನ ಮೇಜಿನ ಮೇಲೆ ಬೀಗವಿಲ್ಲದೆ ಇರುತ್ತದೆ. ಈ ವರ್ಷ ಬಂದ ಹೊಸ ಮೇಡಂ ಈರುಳ್ಳಿ ಚೀಟಿಯ ಅಡಿಯಲ್ಲಿ ಹಸಿರು ಶಾಯಿಯಲ್ಲಿ ಬರೆದಿದ್ದಾರೆ: ‘ಸರ್, ಈರುಳ್ಳಿ ಬಿಡಿ. ರಿಯೋ ಎಲೆಯ ಕೆಳಮೈಯ ಪೊರೆ ತಗೊಳ್ಳಿ. ಅದು ತಾನೇ ನೇರಳೆ, ಬಣ್ಣ ಹಾಕುವ ಕೆಲಸವೇ ಇಲ್ಲ. ಗುಳ್ಳೆಗೆ ಬಣ್ಣ ಇರಲ್ಲ, ಮಕ್ಕಳು ಮೋಸ ಹೋಗಲ್ಲ.’ ಮಾಡಿ ನೋಡಿದೆ; ಅವರು ಹೇಳಿದ್ದು ಸರಿ. ಆದರೆ ಆ ಗಿಡ ಎಲ್ಲ ಶಾಲೆಯ ಅಂಗಳದಲ್ಲೂ ಇರುವುದಿಲ್ಲವಲ್ಲ! ಅದಕ್ಕಿಂತ ಸುಲಭವಾಗಿ ಸಿಗುವ ನೇರಳೆ ಎಲೆ ಹುಡುಕಿ ಮೇಡಂ ಬರೆದದ್ದರ ಕೆಳಗೆ ಬರೆಯಬೇಕೆಂದು ಹಟ ಹತ್ತಿದೆ. ಮನೆಯವಳು ಹಿತ್ತಿಲಿನ ಗಿಡಗಳಿಗೆ ಕಾವಲು ಕೂತಿದ್ದಾಳೆ.