ಸಾಸ್ತಾನದ ದಾರಿಯಲ್ಲಿ ಜಪಾನೀ ಬಣ್ಣಗಳು

ಬ್ರಹ್ಮಾವರದಿಂದ ಉತ್ತರಾಭಿಮುಖವಾಗಿ ಹೊರಟು, ಮಾಬುಕಳದ ಸೇತುವೆಯಲ್ಲಿ ಸೀತಾನದಿಯನ್ನು ದಾಟಿ ಸಾಲಿಗ್ರಾಮಕ್ಕೆ ಹೋಗುವವರಿಗೆ ನಡುವೆ ದೊರೆಯುವ ಊರೇ ಸಾಸ್ತಾನ. ಹೆದ್ದಾರಿಯ ಮೂಡಲಿಗೆ ಗದ್ದೆಗಳ ಹಸುರು, ಪಡುವಲಿಗೆ ಕೋಡಿಯ ಕಡಲಿನ ನೀಲಿ, ನಡುನಡುವೆ ಹೆಂಚಿನ ಮಾಡುಗಳ ಕೆಂಪು. ಬಣ್ಣಗಳ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಶಾಲೆ ಬೇಕೆ? ಜಪಾನಿನಲ್ಲಿ ಉದ್ಯೋಗವನ್ನು ಅರಸುತ್ತಿರುವ ನಮ್ಮ ಬಂಧುವರ್ಗದ ಮಾಣಿಯೊಬ್ಬನೊಡನೆ, ಅವನ ಪಾಠದ ಪುಸ್ತಕವನ್ನು ತಿರುವುತ್ತ, ನಾವು ಈ ದಾರಿಯಲ್ಲಿ ನಡೆದೆವು. ಅಲ್ಲಿ ಕಂಡ ಕೆಲವು ಸಂಗತಿಗಳು ವಾಚಕರಿಗೂ ರುಚಿಸಬಹುದು.

ಜಪಾನೀಯರ ಪ್ರಾಚೀನವಾದ ವರ್ಣಶಬ್ದಗಳು ನಾಲ್ಕು: ಅಕಾ ಎಂದರೆ ಕೆಂಪು, ಶಿರೋ ಬಿಳಿ, ಕುರೋ ಕಪ್ಪು, ಅಓ ನೀಲಿ. ಈ ‘ಅಓ’ ಎಂಬುದರೊಳಗೆ ಹಸುರೂ ಅಡಗಿರುವುದು. ಹೆದ್ದಾರಿಯಲ್ಲಿ ವಾಹನಗಳಿಗೆ ದಾರಿ ಬಿಡುವ ಹಸುರು ದೀಪವನ್ನು ಅವರು ಇಂದಿಗೂ ‘ಅಓ’ ಎಂದೇ ಕರೆಯುವರು. ನಮ್ಮ ಕನ್ನಡದಲ್ಲಿಯಾದರೋ ಕಪ್ಪು, ಬಿಳಿ, ಕೆಂಪು, ಹಸುರುಗಳು ಸ್ವಂತದವು. ನೀಲಿಯು ಸಂಸ್ಕೃತದಿಂದ ಬಂದುದು. ಬೂದುಬಣ್ಣಕ್ಕೆ ಅವರೂ ‘ಹಾಯಿ ಇರೊ’, ಅಂದರೆ ಬೂದಿಯ ಬಣ್ಣವೆಂದೇ ಹೇಳುವರು. ಕಂದುಬಣ್ಣಕ್ಕೆ ‘ಚಾ ಇರೊ’ ಎನ್ನುವರು. ಈ ‘ಚಾ’ ನಮ್ಮ ಕರಾವಳಿಯ ಅಂಗಡಿಯಲ್ಲಿ ಲೋಟಕ್ಕೆ ಹೊಯ್ಯುವ ಚಾವೇ ಸರಿ!

ಇದಕ್ಕಿಂತಲೂ ಸೋಜಿಗದ ಮಾತೊಂದುಂಟು. ಹಸುರು, ಹಸಿ, ಹಸುಳೆ ಎಂಬಿವು ಒಂದೇ ಬೇರಿನ ಚಿಗುರುಗಳು. ಆದುದರಿಂದಲೇ ಎಳೆಯ ಮಗುವು ನಮಗೆ ಹಸುಗೂಸು. ಜಪಾನೀ ಭಾಷೆಯಲ್ಲಿ ‘ಮಿದೋರಿ’ ಎಂದರೆ ಹಸುರು. ಕೂಸಿಗೆ ಅವರ ಹಳೆಯ ಹೆಸರು ‘ಮಿದೋರಿಗೊ’, ಹಸುರು ಮಗು. ಸಂಬಂಧವಿಲ್ಲದ ಎರಡು ನುಡಿಗಳು ಶಿಶುವಿನಲ್ಲಿ ಒಂದೇ ಚಿಗುರನ್ನು ಕಂಡಿರುವುವು.

ಮನುಷ್ಯರನ್ನು ವರ್ಣಿಸುವ ಪಾಠದಲ್ಲಿ ಎತ್ತರದವನಿಗೆ ‘ಸೆ ಗ ತಕಾಯಿ’, ಅಂದರೆ ಬೆನ್ನು ಎತ್ತರವೆನ್ನುವರು. ಮೃದುಸ್ವಭಾವದವರಿಗೆ ‘ಯಸಾಶೀ’ ಎನ್ನುವರು. ಆದರೆ ಮೈಬಣ್ಣದ ಬಿಳುಪು ಏಳು ಕುಂದುಗಳನ್ನು ಮುಚ್ಚುವುದೆಂಬ ಗಾದೆಯೂ ಆ ದೇಶದಲ್ಲುಂಟು. ಇದನ್ನು ಕೇಳಿ ನಗುವ ಅಧಿಕಾರ ನಮಗಿಲ್ಲ. ನಮ್ಮಲ್ಲಿ ಹೆಣ್ಣು ನೋಡಲು ಹೋದವರು ಹಿಂದಿರುಗಿದೊಡನೆ ಮನೆಯವರು ಕೇಳುವ ಮೊದಲ ಪ್ರಶ್ನೆ “ಹುಡುಗಿ ಬಿಳಿಯೋ ಕಪ್ಪೋ” ಎಂಬುದಲ್ಲವೇ? ಓದು, ಗುಣ, ಆರೋಗ್ಯಗಳ ವಿಚಾರವೆಲ್ಲ ಆಮೇಲಿನದು. ಬಾಗಿಲ ಮರೆಯಲ್ಲಿ ನಿಂತು ಈ ಮಾತನ್ನು ಕೇಳುವ ಮನೆಯ ಹೆಣ್ಣುಮಕ್ಕಳ ಎದೆಯಲ್ಲಿ ಅದು ಮುಳ್ಳಾಗಿ ಉಳಿಯುವುದು. ಕೃಷ್ಣನೆಂದರೆ ಕಪ್ಪು ಬಣ್ಣದವನು. ದ್ರುಪದನ ಮಗಳಿಗೆ ಕೃಷ್ಣೆಯೆಂಬ ಹೆಸರು ಬಂದುದೂ ಅವಳ ಮೈಬಣ್ಣದಿಂದಲೇ. ಇವರ ಕಥೆಗಳನ್ನು ಭಕ್ತಿಯಿಂದ ಕೇಳುವ ಮನೆಗಳಲ್ಲಿಯೇ ಕಪ್ಪೆಂಬುದು ಕುಂದಾಯಿತೆಂಬುದು ವಿಷಾದಕರ.

ಪರಭಾಷೆಯನ್ನು ಕಲಿಯುವುದರಿಂದ ಉದ್ಯೋಗ ದೊರೆಯುವುದು, ಸರಿಯೇ. ನಮ್ಮ ಮಾತಿನ ಗುಣದೋಷಗಳು ನಮಗೇ ಕಾಣುವುದು ಅದಕ್ಕಿಂತ ಹಿರಿಯ ಲಾಭ. ಗೃಹಸ್ಥರು ಮಕ್ಕಳಿಗೆ ಬಣ್ಣಗಳ ಹೆಸರುಗಳನ್ನು ಗದ್ದೆಯಿಂದಲೂ ಕಡಲಿನಿಂದಲೂ ಕಲಿಸಲಿ. ಮನುಷ್ಯರನ್ನು ಬಣ್ಣಿಸುವಾಗ ಮಾತ್ರ ಗುಣದಿಂದ ತೊಡಗುವುದನ್ನು ಕಲಿಸಲಿ.