ದನಿ ಕಟ್ಟಿದ ವರ್ಷ

ಬಿ.ಎ. ಎರಡನೇ ವರ್ಷದ ಪರೀಕ್ಷೆ ಬರೆದು ನಾನು ಬೆಂಗಳೂರಿನ ಕಾಲೇಜು ಬಿಟ್ಟೆ. ಅಲ್ಲಿ ನಾಟಕ ನನ್ನ ಐಚ್ಛಿಕ ವಿಷಯ. ನಾಟ್ಯಶಾಸ್ತ್ರ, ಗ್ರೀಕ್ ರಂಗಭೂಮಿ, ಕಂಪನಿ ನಾಟಕಗಳ ಬಗ್ಗೆ ನೋಟ್ಸ್ ಬರೆಸುತ್ತಿದ್ದರು. ನಟನೆ ಅಂದರೆ ಅಂತರಕಾಲೇಜು ಸ್ಪರ್ಧೆಗೆ ಮುಂಚಿನ ಕೆಲವು ಸಂಜೆಗಳು ಮಾತ್ರ. ತಾಲೀಮಿನಲ್ಲಿ ಹೇಳುತ್ತಿದ್ದದ್ದು ಒಂದೇ: “ಕೊನೇ ಸಾಲಿಗೆ ಕೇಳಬೇಕು, ಜೋರಾಗಿ.” ಜೋರಾಗಿ ಹೇಳುತ್ತಿದ್ದೆ. ಬಹುಮಾನವೂ ಬರುತ್ತಿತ್ತು. ಮರುದಿನ ದನಿ ಹೋಗಿರುತ್ತಿತ್ತು. ಮೆಣಸು, ಕಲ್ಲುಸಕ್ಕರೆ ಬಾಯಿಗೆ ಹಾಕಿಕೊಂಡು ಸುಮ್ಮನಿರುತ್ತಿದ್ದೆ. ದಿನವೂ ಕಲಿಸುವ ಕಡೆ ಹೋಗಬೇಕು ಅನ್ನಿಸಿದ್ದು ಹಾಗೆ.

ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಗೆ ಡಿಗ್ರಿ ಆಗಿರಬೇಕು. ಬೇರೊಂದು ವಿಶ್ವವಿದ್ಯಾಲಯದ ರಂಗಭೂಮಿ ಪದವಿಗೆ ವಿಚಾರಿಸಿದೆ. ಮತ್ತೆ ಮೊದಲ ವರ್ಷದಿಂದ ಸೇರಿ ಅಂದರು. ಉಳಿದದ್ದು ಹೆಗ್ಗೋಡಿನ ನೀನಾಸಮ್. ಕೆ.ವಿ. ಸುಬ್ಬಣ್ಣ 1980ರಲ್ಲಿ ಅಲ್ಲಿ ರಂಗಶಿಕ್ಷಣ ಕೇಂದ್ರ ಶುರುಮಾಡಿದ್ದರು. ಅಲ್ಲೇ ಇದ್ದು ಕಲಿಯುವ ಡಿಪ್ಲೊಮಾ. ಸಂದರ್ಶನದಲ್ಲಿ ಆಯ್ಕೆಯಾದೆ.

ಅಪ್ಪ ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಾರೆ. “ಇನ್ನೊಂದ್ ವರ್ಷ ತಡ್ಕಳಮ್ಮ, ಡಿಗ್ರಿ ಕೈಗೆ ಬರ್ಲಿ” ಅಂದರು. ಅದರಲ್ಲಿ ತಪ್ಪೇನೂ ಇರಲಿಲ್ಲ. ನನಗೆ ತಡೆಯಲಾಗಲಿಲ್ಲ. ಟಿ.ಸಿ. ಅರ್ಜಿಗೆ ಅವರ ಸಹಿ ಬೇಕಿತ್ತು. ಹಾಕಿಕೊಟ್ಟರು. ಆಮೇಲೆ ಮಾತು ಬಿಟ್ಟರು. ಖರ್ಚಿಗೆ ಅಮ್ಮ ಮಹಿಳಾ ಸಂಘದಲ್ಲಿ ಸಾಲ ತಂದಳು.

ಹೆಗ್ಗೋಡು ಸಾಗರದ ಹತ್ತಿರದ ಹಳ್ಳಿ. ಹೋದಾಗ ಮಳೆ ಹಿಡಿದಿತ್ತು. ಬಟ್ಟೆ ಒಣಗುತ್ತಿರಲಿಲ್ಲ. ವ್ಯಾಯಾಮ, ಪಾಠ, ತಾಲೀಮಿನಲ್ಲಿ ದಿನ ಮುಗಿಯುತ್ತಿತ್ತು. ಮೊದಮೊದಲು ಮೆಟ್ಟಿಲು ಇಳಿಯುವಾಗ ತೊಡೆ ನಡುಗುತ್ತಿತ್ತು. ಎಲ್ಲರಿಗೂ ಹಾಗೇ ಆಗುತ್ತಿದ್ದುದರಿಂದ ಹೆದರಲಿಲ್ಲ.

ಮೊದಲ ನಾಟಕದ ತಾಲೀಮು ನಡೆಯುವಾಗ ನೆಗಡಿ ಬಂತು. ನೆಗಡಿ ಹೋಯಿತು, ದನಿ ಬರಲಿಲ್ಲ. ಒಂದು ಬೆಳಿಗ್ಗೆ ಬಾಯಿ ತೆರೆದರೆ ಬರೀ ಗಾಳಿ. ಶಿವಮೊಗ್ಗದಲ್ಲಿ ಗಂಟಲಿನ ಡಾಕ್ಟರು ಮೂಗಿನ ಮೂಲಕ ಸಣ್ಣ ಕ್ಯಾಮೆರಾ ಇಳಿಸಿ ನೋಡಿದರು. ಧ್ವನಿತಂತುಗಳು ಊದಿಕೊಂಡಿವೆ, ಅಂಚಿನಲ್ಲಿ ಗಂಟು ಕಟ್ಟುತ್ತಿದೆ, ಇದು ಇವತ್ತು ನಿನ್ನೆಯದಲ್ಲ ಅಂದರು. ಮಾತು ಪೂರ್ತಿ ಬಂದ್. ಪಿಸುಗುಟ್ಟುವುದೂ ಬೇಡ, ಅದರಿಂದಲೂ ಗಂಟಲಿಗೆ ಶ್ರಮ. ವಾಪಸು ಬರುವಾಗ ಬಸ್ಸಿನಲ್ಲಿ ಲೆಕ್ಕ ಹಾಕಿದೆ. ಡಿಗ್ರಿ ಇಲ್ಲ. ದನಿ ಇಲ್ಲ. ಸಾಲ ಇದೆ. ಹೆದರಿಕೆಗೆ ಹೊಟ್ಟೆ ತೊಳೆಸಿತು.

ನನ್ನ ಪಾತ್ರ ಇನ್ನೊಬ್ಬಳಿಗೆ ಹೋಯಿತು. ಎಲ್ಲಿ ನಿಲ್ಲಬೇಕು, ಯಾವಾಗ ತಿರುಗಬೇಕು ಎಂದು ಅವಳಿಗೆ ನಾನೇ ಸನ್ನೆಯಲ್ಲಿ ತೋರಿಸಿಕೊಟ್ಟೆ. ಆ ರಾತ್ರಿ ನಿದ್ದೆ ಹತ್ತಲಿಲ್ಲ. ಮನೆಗೆ ಕಳಿಸುತ್ತಾರೆ ಅಂದುಕೊಂಡಿದ್ದೆ. ಮೇಷ್ಟ್ರು ಕಳಿಸಲಿಲ್ಲ. “ಮಾತಿಲ್ದೆ ಮಾಡೋ ಕೆಲ್ಸ ಬೇಕಾದಷ್ಟಿದೆ” ಅಂದು ಬೆಳಕಿನ ಕೆಲಸಕ್ಕೆ ಹಾಕಿದರು.

ಧ್ವನಿಯ ತರಗತಿಗೂ ಹೋಗುತ್ತಿದ್ದೆ. ನೆಲದ ಮೇಲೆ ಅಂಗಾತ ಮಲಗಿ ಹೊಟ್ಟೆಯ ಮೇಲೆ ಪುಸ್ತಕ ಇಟ್ಟುಕೊಳ್ಳಬೇಕು. ಉಸಿರು ಎಳೆದಾಗ ಪುಸ್ತಕ ಏಳಬೇಕು, ಭುಜ ಏಳಬಾರದು. ನನ್ನ ಭುಜವೇ ಏಳುತ್ತಿತ್ತು. ಪುಸ್ತಕ ಅಲುಗುತ್ತಿರಲಿಲ್ಲ. ಮೇಷ್ಟ್ರು ಬಂದು ಭುಜದ ಮೇಲೆ ಕೈಯಿಟ್ಟು, ಮತ್ತೆ ಮಾಡು ಅನ್ನುತ್ತಿದ್ದರು. ಮರುದಿನವೂ ಬರುತ್ತಿದ್ದರು.

ಒಂದು ಸಂಜೆ ಅಪ್ಪನ ಫೋನ್ ಬಂತು. ರೂಮಿನ ಗೆಳತಿ ಎತ್ತಿದಳು. “ಅವಳು ಮಾತಾಡೋ ಹಾಗಿಲ್ಲ ಅಂಕಲ್, ಕೇಳಿಸ್ಕೋತಾಳೆ, ಹೇಳಿ” ಎಂದು ನನ್ನ ಕಿವಿಗೆ ಹಿಡಿದಳು. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೊಬ್ಬರಿ ರೇಟು, ಅಜ್ಜಿಯ ಕಾಲುನೋವು, ಬೋರ್‌ವೆಲ್ ರಿಪೇರಿ, ಎಲ್ಲ ಹೇಳಿದರು. ಸಿಟ್ಟು ಹೋಗಿದೆಯೋ ಇಲ್ಲವೋ, ಕೇಳುವಂತಿರಲಿಲ್ಲ. ಮುಂದೆಯೂ ಹಾಗೇ ಫೋನ್ ಮಾಡುತ್ತಿದ್ದರು.

ದನಿ ನಿಧಾನವಾಗಿ ಬಂತು. ಮೊದಲು ಗುನುಗು, ಆಮೇಲೆ ಸ್ವರ, ಆಮೇಲೆ ಮಾತು. ಕೊನೆಯ ನಾಟಕದಲ್ಲಿ ಸಣ್ಣದೊಂದು ಪಾತ್ರ ಸಿಕ್ಕಿತು. ಹೆಗ್ಗೋಡಿನದೇ ಶಿವರಾಮ ಕಾರಂತ ರಂಗಮಂದಿರದಲ್ಲಿ ಪ್ರದರ್ಶನ. ಪ್ರದರ್ಶನದ ಮರುದಿನವೂ ದನಿ ಇತ್ತು. ನನಗೆ ಅದು ಹೊಸತು.

ಗಂಟಲಿಗೆ ಭಾರವಾಗುವ ಪಾತ್ರ ಈಗಲೂ ಒಪ್ಪುವುದಿಲ್ಲ. ಒಂದು ತಂಡದ ಜೊತೆ ಶಾಲೆಗಳಲ್ಲಿ ನಾಟಕ ಮಾಡಿಸುತ್ತೇನೆ. ಸಂಘದ ಸಾಲ ತೀರಿದೆ. ಡಿಗ್ರಿಯನ್ನು ದೂರಶಿಕ್ಷಣದಲ್ಲಿ ಮತ್ತೆ ಹಿಡಿದಿದ್ದೇನೆ. ಅಪ್ಪ ಒಂದು ವರ್ಷ ತಡೆದುಕೋ ಅಂದಿದ್ದರು. ಆ ವರ್ಷದ ಓದು ಇನ್ನೂ ಮುಗಿದಿಲ್ಲ.