ವಿಶೇಷವೇನಿಲ್ಲ

ಡಾಕ್ಟರ ಎದುರು ಮಲಗಿಸಿದರೆ ಅಪ್ಪನ ಎದೆ, ಮೇಷ್ಟ್ರ ಮುಂದೆ ನಿಂತ ಹುಡುಗನ ಹಾಗೆ ಸಾಧುವಾಗಿಬಿಡುತ್ತಿತ್ತು. ಎರಡು ಸಲ ಇಸಿಜಿ ಮಾಡಿಸಿದೆವು. ಎರಡು ಸಲವೂ ನಾರ್ಮಲ್. ಮನೆಗೆ ಬಂದು ವಾರ ಕಳೆಯುವುದರೊಳಗೆ ಅಪ್ಪ ಮತ್ತೆ ಬಚ್ಚಲ ಗೋಡೆ ಹಿಡಿದು ನಿಂತಿರುತ್ತಿದ್ದ. ಕೇಳಿದರೆ, "ಏನಿಲ್ವೋ, ಪಿತ್ತ."

ಕೊನೆಗೆ ಹೋಲ್ಟರ್ ಹಾಕಿದರು. ಎದೆಗೆ ಅಂಟಿಸಿದ ವೈರುಗಳು, ಸೊಂಟದಲ್ಲೊಂದು ಪುಟ್ಟ ಡಬ್ಬಿ. 24 ಗಂಟೆ ಸ್ನಾನ ಇಲ್ಲ. ಯಾವ ಹೊತ್ತಿಗೆ ಏನು ಮಾಡಿದಿರಿ, ಹೇಗನ್ನಿಸಿತು ಎಂದು ಬರೆಯಲು ಒಂದು ಹಾಳೆ.

ಹೋಲ್ಟರ್ ಎಂಬುದು ಮನುಷ್ಯನ ಹೆಸರೆಂದು ನನಗೆ ತಿಳಿದದ್ದು ಆ ರಾತ್ರಿ ನಿದ್ದೆ ಬಾರದೆ ಹುಡುಕಿದಾಗ. ನಾರ್ಮನ್ ಜೆಫ್ ಹೋಲ್ಟರ್, ಅಮೆರಿಕದ ಮೊಂಟಾನಾ ರಾಜ್ಯದ ಹೆಲೆನಾ ಊರಿನವನು. ವೈದ್ಯನಲ್ಲ, ವಿಜ್ಞಾನಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ನೌಕಾಪಡೆಗಾಗಿ ಸಮುದ್ರದ ಅಲೆಗಳನ್ನು ಅಧ್ಯಯನ ಮಾಡಿದವನು, ಆಮೇಲೆ ಎದೆಯ ಅಲೆಗಳ ಬೆನ್ನು ಹತ್ತಿದ. ಮಲಗಿದವನ ಎದೆಬಡಿತ ಕೆಲವೇ ಕ್ಷಣ ನೋಡಿದರೆ ಸಾಲದು, ಅವನು ನಡೆಯುವಾಗ, ದುಡಿಯುವಾಗ, ನಿದ್ರಿಸುವಾಗಲೂ ನೋಡಬೇಕು ಎಂಬುದು ಅವನ ಹಟ. ಬಡಿತವನ್ನು ರೇಡಿಯೊದಲ್ಲಿ ಕಳಿಸುವ ಅವನ ಮೊದಲ ಯಂತ್ರದ ತೂಕ ಸುಮಾರು 38 ಕಿಲೊ! ಅದನ್ನು ತಾನೇ ಬೆನ್ನಿಗೆ ಕಟ್ಟಿಕೊಂಡು ಸೈಕಲ್ ತುಳಿದ. ಟ್ರಾನ್ಸಿಸ್ಟರ್ ಬಂದ ಮೇಲೆ ಹೊರೆ ಇಳಿಯಿತು, ರೇಡಿಯೊ ಬದಲು ಟೇಪ್ ಬಂತು. ದಿನವಿಡೀ ದಾಖಲಾದದ್ದನ್ನು ಬೇಗ ಓಡಿಸಿ ನೋಡುವ ಉಪಾಯವನ್ನೂ ಕಂಡುಕೊಂಡು, 1961ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದ.

ಎರಡು ದಿನದ ನಂತರ ರಿಪೋರ್ಟ್ ಬಂತು. ಬೆಳಗ್ಗೆ 6.40ಕ್ಕೆ ಅಪ್ಪನ ಎದೆ ನಾಲ್ಕು ಸೆಕೆಂಡು ಬಡಿದೇ ಇರಲಿಲ್ಲ. ಡಾಕ್ಟರು ಹಾಳೆ ತಿರುವಿದರು. ಅಪ್ಪನ ದುಂಡು ಅಕ್ಷರ: "6.40 – ತುಳಸಿಗೆ ನೀರು. ವಿಶೇಷವೇನಿಲ್ಲ."

ಹೊರಗೆ ಬಂದು ಕೇಳಿದೆ, "ತಲೆ ತಿರುಗಲಿಲ್ವಾ ಅಪ್ಪಾ?"

"ಕಣ್ಣು ಕತ್ತಲೆ ಬಂತು. ಕಟ್ಟೆ ಮೇಲೆ ಕೂತೆ."

"ಮತ್ತೆ ಯಾಕೆ ಬರೀಲಿಲ್ಲ?"

"ಬರೆಯೋವಾಗ ನಿಮ್ಮಮ್ಮ ಪಕ್ಕದಲ್ಲೇ ನಿಂತು ಓದ್ತಿದ್ದಳಲ್ಲೋ."

ಈಗ ಅಪ್ಪನ ಎದೆಯಲ್ಲಿ ಪೇಸ್‌ಮೇಕರ್ ಇದೆ. ನಾನು ಫೋನ್ ಮಾಡಿ ಹೇಗಿದ್ದೀಯ ಎಂದರೆ ಈಗಲೂ ಅದೇ ಉತ್ತರ, ವಿಶೇಷವೇನಿಲ್ಲ. ನಾನು ಫೋನ್ ಅಮ್ಮನಿಗೆ ಕೊಡು ಎನ್ನುತ್ತೇನೆ.